ಲೋಟದ ಅಡಿಯ ಎಲೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಎಲೆ. ಗಿಡದ್ದಲ್ಲ, ಬಳ್ಳಿಯದ್ದೂ ಅಲ್ಲ. ಸ್ಟೀಲ್ ಲೋಟವೊಂದರ ಅಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಹಸಿರು ಪೇಂಟಿನಿಂದ ಬರೆದ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದೊಂದು ಎಲೆ. ಬರೆದ ದಿನ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆ ಓರೆ ಮಾಡಿ ನೋಡಿ, ‘ಪರವಾಗಿಲ್ಲ, ಕೈ ಇನ್ನೂ ಕೆಟ್ಟಿಲ್ಲ’ ಎಂದುಕೊಂಡಿದ್ದರು. ಮುಂದಾಗುವುದು ಗೊತ್ತಿದ್ದರೆ ಬ್ರಷ್ಷನ್ನು ಅಲ್ಲೇ ಮುರಿದು ಒಲೆಗೆ ಹಾಕುತ್ತಿದ್ದರು.

ಡ್ರಾಯಿಂಗ್ ಮೇಷ್ಟ್ರಿಗೂ ಹಾಲಿನ ಲೋಟಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಆ ಶಾಲೆಯಲ್ಲಿ ಒಂದು ಪದ್ಧತಿ. ಮೀಟಿಂಗಿಗೆ ಯಾರು ಬಂದಿಲ್ಲವೋ ಅವರ ತಲೆಗೆ ಹೊಸ ಕೆಲಸ ಕಟ್ಟುವುದು. ಬಂದವರೆಲ್ಲ ಸಂತೋಷದಿಂದ ಕೈ ಎತ್ತುವುದರಿಂದ ತಕರಾರಿಗೆ ಜಾಗವೇ ಇರುತ್ತಿರಲಿಲ್ಲ. ಮಕ್ಕಳಿಗೆ ದಿನವೂ ಹಾಲು ಕೊಡುವ ಯೋಜನೆ ಬಂದ ದಿನ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಕೆನ್ನೆ ಊದಿಸಿಕೊಂಡು, ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು ವಾಪಸ್ ಬರುವಷ್ಟರಲ್ಲಿ ಅವರು ಹಾಲಿನ ಉಸ್ತುವಾರಿ ಆಗಿಬಿಟ್ಟಿದ್ದರು. ಬೇಡ ಬೇಡ ಎಂದು ಎರಡೂ ಕೈ ಆಡಿಸಿದ್ದನ್ನು ಹೆಡ್‌ಮೇಡಂ ಹಲ್ಲುನೋವಿನ ಖಾತೆಗೆ ಹಾಕಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಲಿನ ಕ್ಯಾನು, ಫ್ರಿಜ್ಜು, ಲೋಟದ ಬುಟ್ಟಿ ಎಲ್ಲ ಇಡಲು ತಂಪಾದ ಕೋಣೆ ಬೇಕಿತ್ತು. ಶಾಲೆಯಲ್ಲಿ ನಲ್ಲಿ, ಸಿಂಕು ಎರಡೂ ಇದ್ದ ತಂಪಾದ ಕೋಣೆ ಒಂದೇ, ಅದು ಡ್ರಾಯಿಂಗ್ ಕೋಣೆ. ಹೀಗೆ ಹಾಲು ಒಳಗೆ ಬಂತು, ಚಿತ್ರ ಹೊರಗೆ ಹೋಯಿತು. ಮೇಷ್ಟ್ರ ಕ್ಲಾಸು ಅಡುಗೆಮನೆಯ ಪಕ್ಕದ ಜಗಲಿಗೆ ಬಿತ್ತು. ಒಂದು ಕಡೆ ತೊಳೆದ ಲೋಟಗಳನ್ನು ಸಾಲಾಗಿ ಬೋರಲು ಹಾಕಿರುತ್ತಿದ್ದರು, ಇನ್ನೊಂದು ಕಡೆ ಮಕ್ಕಳು ಬೋರಲು ಮಲಗಿ ಚಿತ್ರ ಬರೆಯುತ್ತಿದ್ದರು.

ತಮಾಷೆಯೆಂದರೆ ಮೇಷ್ಟ್ರಿಗೆ ಹಾಲೇ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆಗದು. ಒಂದು ಗುಟುಕು ಗಂಟಲಿಳಿದರೆ ಸಾಕು, ಹೊಟ್ಟೆಯೊಳಗೆ ಯಾರೋ ಮಂಚ ಎಳೆದಾಡುವಂಥ ಸದ್ದು ಶುರುವಾಗುತ್ತಿತ್ತು. ಬೇರೆಯವರಿಗೆ ಸಂತೋಷವಾದರೆ ಹಾಲು ಕುಡಿದಷ್ಟು ಸಂತೋಷವಾಯಿತು ಎನ್ನುತ್ತಾರೆ. ಮೇಷ್ಟ್ರ ಮುಂದೆ ಆ ಮಾತು ಆಡುವಂತಿರಲಿಲ್ಲ.

ಅದಕ್ಕೇ ಇರಬೇಕು, ಚಿನಕುರುಳಿಯನ್ನು ಕಂಡರೆ ಅವರಿಗೆ ಅಷ್ಟು ಅಕ್ಕರೆ. ಮೂರನೇ ಕ್ಲಾಸಿನ ಈ ಹುಡುಗಿ ಮಾತು ಶುರು ಮಾಡಿದರೆ ಪಟಪಟನೆ ಸಿಡಿಯುತ್ತಿದ್ದಳು, ಅದಕ್ಕೇ ಆ ಹೆಸರು. ಅವಳಿಗೂ ಹಾಲು ಆಗದು. ಕುಡಿದರೆ ಮೈಯೆಲ್ಲ ದದ್ದು, ವಾಂತಿ, ಎರಡು ದಿನ ಹಾಸಿಗೆ. ಶಾಲೆಯ ಹಾಲು ಶುರುವಾದಾಗ ಎಲ್ಲರೂ ಸಾಲಾಗಿ ಕೂತು ಬಿಳಿ ಮೀಸೆ ಮಾಡಿಕೊಳ್ಳುವಾಗ ಇವಳೊಬ್ಬಳು ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು, ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನೋಡಿದರೆ ಮೇಷ್ಟ್ರಿಗೆ ಕರುಳು ಚುರುಕ್ ಎನ್ನುತ್ತಿತ್ತು.

“ಅದಕ್ಕೂ ನಿಯಮ ಇದೆ ಸರ್,” ಎಂದಿದ್ದ ಕ್ಲರ್ಕ್ ನಿಯಮಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಇಲಾಖೆಯ ನಿಯಮವೆಲ್ಲ ಅವನಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದರಿಂದ ಊರೇ ಅವನನ್ನು ಹಾಗೆ ಕರೆಯುತ್ತಿತ್ತು. ಅವನು ಕಣ್ಣು ಮುಚ್ಚಿ ಒಪ್ಪಿಸಿದ, “ಹಾಲು ಒಗ್ಗದ ವಿದ್ಯಾರ್ಥಿಗೆ ಬದಲಿ ಹಾಲು ಕೊಡತಕ್ಕದ್ದು. ಬದಲಿ ಹಾಲು ಪೋಷಣೆಯಲ್ಲಿ ಹಾಲಿಗೆ ಸಮನಾಗಿರತಕ್ಕದ್ದು. ನೀರು, ಹಣ್ಣಿನ ರಸ ಇತ್ಯಾದಿಗಳನ್ನು ಬದಲಿ ಎಂದು ಪರಿಗಣಿಸತಕ್ಕದ್ದಲ್ಲ. ಬದಲಿ ಹಾಲು ಪಡೆಯುವ ವಿದ್ಯಾರ್ಥಿಯನ್ನು ಲೋಟದಿಂದಾಗಲಿ, ಸಾಲಿನಿಂದಾಗಲಿ, ಕೂರುವ ಜಾಗದಿಂದಾಗಲಿ ಇತರರಿಂದ ಬೇರ್ಪಡಿಸತಕ್ಕದ್ದಲ್ಲ.”

ಸೋಯಾ ಹಾಲು ಬಂತು. ಆದರೆ ಎಲ್ಲ ಲೋಟವೂ ಒಂದೇ ಥರ, ಎರಡೂ ಹಾಲು ಒಂದೇ ಬಣ್ಣ. ಅವಳ ಲೋಟ ಯಾವುದು ಎಂದು ಗುರುತಿಸುವುದು ಹೇಗೆ? ಆಗ ಮೇಷ್ಟ್ರಿಗೆ ಹೊಳೆದದ್ದೇ ಆ ಎಲೆ. ಅಡುಗೆಯಕ್ಕ ಬೆಳಿಗ್ಗೆ ಲೋಟಗಳನ್ನು ಮಗುಚಿ ನೋಡಿ, ಎಲೆ ಇದ್ದದ್ದಕ್ಕೆ ಸೋಯಾ ಹಾಲು ಹಾಕಿ, ಉಳಿದವುಗಳ ನಡುವೆ ಟ್ರೇಯಲ್ಲಿ ಇಟ್ಟುಬಿಡುವಳು. ಹಂಚುವಾಗ ಮೇಷ್ಟ್ರು ಲೋಟವನ್ನು ಸ್ವಲ್ಪವೇ ಎತ್ತಿ, ಅಡಿ ನೋಡಿ, ಎಲೆ ಕಂಡದ್ದನ್ನು ಚಿನಕುರುಳಿಗೆ ಕೊಡುವರು. ಯಾರಿಗೂ ಗೊತ್ತಾಗದು. ಮೊದಲ ದಿನ ಗೆಳತಿಯರ ನಡುವೆ ಕೂತು ಬಿಳಿ ಮೀಸೆ ಮಾಡಿಕೊಂಡ ಅವಳು ಅದನ್ನು ಸಂಜೆಯವರೆಗೂ ಒರೆಸಿಕೊಂಡಿರಲಿಲ್ಲ.

ಆದರೆ ಗುರುತು ಗುರುತೇ. ಲೋಟದಿಂದಾಗಲಿ ಬೇರ್ಪಡಿಸತಕ್ಕದ್ದಲ್ಲ ಎಂಬ ನಿಯಮದ ಕಣ್ಣಿಗೆ ಆ ಎಲೆ ಬೀಳದ ಹಾಗೆ ನೋಡಿಕೊಳ್ಳಬೇಕಿತ್ತು.

ಇವತ್ತು ಆ ಕಣ್ಣು ಶಾಲೆಗೇ ಬರುವುದಿತ್ತು. ತಪಾಸಣೆ! ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕನ್ನಡಿಯ ಮುಂದೆ ಶಿಳ್ಳೆ ಹಾಕುತ್ತ ತಲೆ ಬಾಚುತ್ತಿದ್ದರು.

“ಏನ್ರೀ ಇದು, ಮದುವೆ ದಿನಾನೂ ನೀವು ಹೀಗೆ ಶಿಳ್ಳೆ ಹಾಕಿರ್ಲಿಲ್ಲ,” ಎಂದಳು ಹೆಂಡತಿ, ಕಪ್ಪು ಕಾಫಿಯ ಲೋಟ ಕೈಗಿಡುತ್ತ.

“ಇವತ್ತು ಪಾಸಾದ್ರೆ ನಿಮ್ಮ ಕೋಣೆ ನಿಮಗೆ ಅಂತ ಹೆಡ್‌ಮೇಡಂ ಎಲ್ಲರ ಎದುರಿಗೇ ಹೇಳಿದಾರೆ ಕಣೇ! ಫ್ರಿಜ್ಜು, ಕ್ಯಾನು ಎಲ್ಲಾ ಖಾಲಿ! ಸಾಯಂಕಾಲದ ಹೊತ್ತಿಗೆ ನಾನು, ನನ್ನ ಬ್ರಷ್ಷು, ನನ್ನ ಕೋಣೆ!”

“ಫೇಲಾದ್ರೆ?”

“ಫೇಲಾದ್ರೆ ರಿಟೈರ್ ಆಗೋ ತನಕ ಹಾಲಿನ ಮೇಷ್ಟ್ರೇ. ಹೊರಡೋ ಹೊತ್ತಲ್ಲಿ ಅಡ್ಡಬಾಯಿ ಹಾಕ್ಬೇಡ ಮಾರಾಯ್ತಿ.”

ಶಾಲೆಯ ಗೇಟಿನಲ್ಲೇ ಮಕ್ಕಳ ದಂಡು ಅವರನ್ನು ಮುತ್ತಿಕೊಂಡಿತು. ಎಲ್ಲರ ಮುಖವೂ ಬೆಳಗುತ್ತಿತ್ತು. ಕೆಲವರ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ.

“ಸರ್! ಸರ್! ಇವತ್ತು ನಿಮಗೊಂದು ಸರ್‌ಪ್ರೈಸ್ ಇದೆ ಸರ್!” ಎಂದಳು ಚಿನಕುರುಳಿ ಕುಪ್ಪಳಿಸುತ್ತ.

“ಆಮೇಲೆ ಪುಟ್ಟಿ, ಆಮೇಲೆ. ಇವತ್ತು ಎಲ್ಲರೂ ಜಾಣರಾಗಿರ್ಬೇಕು,” ಎಂದು ಮೇಷ್ಟ್ರು ಅವರನ್ನು ದಾಟಿಕೊಂಡು ಅಡುಗೆಮನೆಗೆ ಓಡಿದರು.

ಅಲ್ಲಿ ಎಲ್ಲವೂ ಸಜ್ಜಾಗಿತ್ತು. ಮೇಜಿನ ಮೇಲೆ ಟ್ರೇ, ಟ್ರೇಯ ತುಂಬ ಲೋಟ, ಲೋಟದ ತುಂಬ ಹಾಲು.

“ಇವತ್ತು ಎಲೆ ಹುಡುಕೋ ಗೋಜೇ ಇರ್ಲಿಲ್ಲ ಸರ್,” ಎಂದಳು ಅಡುಗೆಯಕ್ಕ ಸೆರಗಿನಲ್ಲಿ ಕೈ ಒರೆಸುತ್ತ. “ಕೈ ಹಾಕಿದ ಮೊದಲನೇ ಲೋಟದಲ್ಲೇ ಸಿಕ್ತು. ಇವತ್ತು ನಿಮ್ಮ ಗ್ರಹಗತಿ ಚೆನ್ನಾಗಿದೆ ಬಿಡಿ.”

ಮೇಷ್ಟ್ರು ನಕ್ಕು, ರೂಢಿಯಂತೆ ಒಂದು ಲೋಟವನ್ನು ಮೆಲ್ಲಗೆ ಎತ್ತಿ ಅಡಿ ನೋಡಿದರು. ಎಲೆ! ನಿಜಕ್ಕೂ ಗ್ರಹಗತಿ ಚೆನ್ನಾಗಿದೆ ಎಂದುಕೊಂಡು ಅದನ್ನು ಪಕ್ಕಕ್ಕಿಡುವಾಗ ಕೈ ತಗುಲಿ ಪಕ್ಕದ ಲೋಟ ಓರೆಯಾಯಿತು. ಅದರಡಿಯಲ್ಲೂ ಎಲೆ. ಮೇಷ್ಟ್ರು ಕಣ್ಣುಜ್ಜಿಕೊಂಡರು. ಮೂರನೆಯದನ್ನು ಎತ್ತಿದರು. ಎಲೆ. ಆಮೇಲಿನದು? ಎಲೆ. ಅದರ ಪಕ್ಕದ್ದು? ಎಲೆಯ ಜೊತೆಗೆ ಒಂದು ಹುಳವೂ ಇತ್ತು!

ಮೇಷ್ಟ್ರಿಗೆ ಹಿಂದಿನ ದಿನದ ಕ್ಲಾಸು ಕಣ್ಣಮುಂದೆ ಬಂತು. ಜಗಲಿಯಲ್ಲಿ ಕಪ್ಪು ಹಲಗೆಯ ಮೇಲೆ ಎಲೆಯೊಂದನ್ನು ಬರೆದು, ‘ಎಲ್ಲರೂ ನನ್ನ ಎಲೆಯ ಹಾಗೇ ಬರೀಬೇಕು, ಒಂಚೂರೂ ವ್ಯತ್ಯಾಸ ಇರಬಾರದು’ ಎಂದು ಹೇಳಿ, ಹಸಿರು ಪೇಂಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು, ಹಾಲಿನ ಕ್ಯಾನು ಇಳಿಸಿಕೊಳ್ಳಲು ಹೋಗಿದ್ದರು. ಪಕ್ಕದಲ್ಲೇ ಲೋಟಗಳು ಬೋರಲು ಬಿದ್ದಿದ್ದವು. ಚಿನಕುರುಳಿ ಹಾಲು ಕುಡಿಯಲು ಲೋಟ ಎತ್ತಿದಾಗ ಎದುರು ಕೂತವರಿಗೆ ಎಲೆ ಕಾಣದೆ ಇರುತ್ತದೆಯೇ? ಅವಳಿಗೆ ಮಾತ್ರ ಎಲೆ, ನಮಗೇಕಿಲ್ಲ ಎಂದು ಮಕ್ಕಳು ಎಷ್ಟು ದಿನದಿಂದ ಕೊರಗುತ್ತಿದ್ದರೋ, ಹೇಳಿ ಬರೆಸಿದ ಹಾಗೆ ಎಲ್ಲದಕ್ಕೂ ಬರೆದುಬಿಟ್ಟಿದ್ದರು.

ಆದರೂ ಆ ಗಾಬರಿಯಲ್ಲೂ ಮೇಷ್ಟ್ರು ಒಂದು ಗಳಿಗೆ ಮೈಮರೆತರು. ಎಂಥ ಎಲೆಗಳು! ನರಗಳು ಎಷ್ಟು ಸೊಗಸಾಗಿ ಕವಲೊಡೆದಿವೆ! ಒಂದರ ಮೇಲೆ ಇಬ್ಬನಿಯ ಹನಿ ಬೇರೆ. ‘ನನ್ನ ಮಕ್ಕಳು!’ ಎಂದು ಎದೆ ಉಬ್ಬಿತು. ಮರುಗಳಿಗೆಗೆ ಆ ಎದೆಯೇ ಧಸಕ್ ಎಂದು ಕುಸಿಯಿತು. ಈ ಅಷ್ಟೂ ಲೋಟಗಳಲ್ಲಿ ಸೋಯಾ ಹಾಲು ಇರುವುದು ಒಂದರಲ್ಲಿ. ಯಾವುದರಲ್ಲಿ?

“ನನ್ನ ಎಲೆ ನನಗೆ ಗೊತ್ತಾಗಲ್ವಾ!” ಎಂದು ಗೊಣಗುತ್ತ ಮತ್ತೆ ಹುಡುಕಲು ಹೊರಟವರು ಅಲ್ಲೇ ನಿಂತರು. ತಮ್ಮ ಎಲೆ ಸಿಕ್ಕಿಯೂ ಪ್ರಯೋಜನವಿರಲಿಲ್ಲ. ಅಡುಗೆಯಕ್ಕ ಸೋಯಾ ಹಾಕಿದ್ದು ಕೈಗೆ ಸಿಕ್ಕ ಮೊದಲನೇ ಲೋಟಕ್ಕೆ.

“ಅಕ್ಕಾ, ಪ್ಯಾಕೆಟ್ಟಲ್ಲಿ ಉಳಿದಿರೋ ಸೋಯಾ ಹಾಲು ಕೊಡಿ, ಬೇಗ! ಬೇರೆ ಲೋಟಕ್ಕೆ ಹಾಕೋಣ!”

“ಉಳಿದದ್ದು ಪೀಟಿ ಮೇಷ್ಟ್ರು ಕುಡಿದ್ರಲ್ಲ ಸರ್. ದಿನಾ ಅವರೇ ಅಲ್ವಾ ಕುಡಿಯೋದು.”

ಬಾಗಿಲಲ್ಲಿ ಪೀಟಿ ಮೇಷ್ಟ್ರು ತೋಳು ಮಡಚಿ ತೋರಿಸುತ್ತ ನಿಂತಿದ್ದರು. “ನೋಡಿ ಸರ್, ಹೇಗೆ ಉಬ್ಬಿದೆ! ಎಲ್ಲಾ ಸೋಯಾ ಮಹಿಮೆ. ಕೆಟ್ಟುಹೋಗೋ ಬದಲು ಯಾರಾದ್ರೂ ಕುಡೀಬೇಕಲ್ವಾ?”

“ನಿಮ್ಮ ತೋಳಿಗೆ ಬೆಂಕಿ ಹಾಕ! ಅಂಗಡಿಗೆ ಓಡಿ, ಇನ್ನೊಂದು ಪ್ಯಾಕೆಟ್ ತನ್ನಿ!”

“ಆಗಲ್ಲ ಸರ್,” ಎಂದಿತು ಪೀಟಿ ಮೇಷ್ಟ್ರ ಬೆನ್ನ ಹಿಂದಿನ ದನಿ. ನಿಯಮಪ್ಪ. “ಇಲಾಖೆ ಕಳಿಸಿದ ಬದಲಿ ಹಾಲನ್ನು ಬಿಟ್ಟು ಬೇರೆ ಯಾವುದನ್ನೂ ಶಾಲೆಯ ಆವರಣದೊಳಗೆ ತರತಕ್ಕದ್ದಲ್ಲ.”

ಉಳಿದದ್ದು ಒಂದೇ ದಾರಿ. ರುಚಿ ನೋಡುವುದು. ಮೇಷ್ಟ್ರು ಚಮಚ ಹಿಡಿದರು, ಮೊದಲ ಲೋಟದ ಮೇಲೆ ಬಾಗಿದರು, ಹಾಲಿನ ವಾಸನೆ ಮೂಗಿಗೆ ಬಡಿಯುತ್ತಲೇ ಮುಖ ಹಿಂಡಿಕೊಂಡರು. ಅಷ್ಟರಲ್ಲಿ ಹೆಡ್‌ಮೇಡಂ ಬಿರುಗಾಳಿಯ ಹಾಗೆ ಒಳಗೆ ನುಗ್ಗಿದರು.

“ಏನು ಮಾಡ್ತಿದೀರಿ ಇಲ್ಲಿ? ತಪಾಸಣೆ ಮೇಡಂ ಆಗಲೇ ಹಾಲ್‌ನಲ್ಲಿ ಕೂತಿದಾರೆ! ಪೀಟಿ ಸರ್, ಟ್ರೇ ಎತ್ತಿ! ಹಂಚಿ!”

“ಮೇಡಂ, ಒಂದು ನಿಮಿಷ, ಹಂಚೋದು ನಾನು...”

“ನೀವು ಹಂಚೋಕೆ ನಿಂತ್ರೆ ಒಂದೊಂದು ಲೋಟವನ್ನೂ ದೃಷ್ಟಿ ತೆಗೆಯೋ ಹಾಗೆ ಎತ್ತಿ ಇಳಿಸ್ತೀರಿ. ಮಧ್ಯಾಹ್ನ ಆಗುತ್ತೆ. ಇವತ್ತು ಬೇಡ!”

ಸೋಯಾ ಮಹಿಮೆಯ ತೋಳುಗಳು ಟ್ರೇಯನ್ನು ಹೂವಿನ ಹಾಗೆ ಎತ್ತಿಕೊಂಡು ಹೊರಟೇಬಿಟ್ಟವು. ಮೇಷ್ಟ್ರು ಚಮಚ ಹಿಡಿದುಕೊಂಡೇ ಹಿಂದೆ ಓಡಿದರು. ಅವರು ಹಾಲ್‌ ತಲುಪುವಷ್ಟರಲ್ಲಿ ಎಲ್ಲ ಮಕ್ಕಳ ಮುಂದೆಯೂ ಒಂದೊಂದು ಲೋಟ ಕೂತಿತ್ತು. ಉಳಿದ ಒಂದನ್ನು ಪೀಟಿ ಮೇಷ್ಟ್ರು ಅತಿಥಿ ಸತ್ಕಾರವೆಂದು ತಪಾಸಣೆಯ ಮೇಡಂ ಮುಂದೆಯೇ ಇಟ್ಟಿದ್ದರು.

ತಪಾಸಣೆಯ ಮೇಡಂ ಕನ್ನಡಕ ಮೂಗಿನ ತುದಿಯಲ್ಲಿ ನಿಲ್ಲಿಸಿಕೊಂಡ, ನಗು ಎಂದರೆ ಏನೆಂದು ಮರೆತಂತಿದ್ದ ಹೆಂಗಸು. ಅವರು ಕೂತಿದ್ದು ಸರಿಯಾಗಿ ಚಿನಕುರುಳಿಯ ಎದುರಿಗೆ.

“ಬದಲಿ ಹಾಲು ಕುಡಿಯೋ ಮಗು ಯಾವುದು ಅಂತ ನನಗೆ ಹೇಳಬೇಡಿ,” ಎಂದರು ಅವರು ಹೆಡ್‌ಮೇಡಂಗೆ. “ನಾನೇ ಕಂಡುಹಿಡೀತೀನಿ. ನನಗೆ ಕಂಡುಹಿಡಿಯೋಕೆ ಆಯ್ತು ಅಂದ್ರೆ ನೀವು ಫೇಲ್. ಒಂದು ಶಾಲೇಲಿ ಲೋಟಕ್ಕೆ ದಾರ ಕಟ್ಟಿದ್ರು, ಇನ್ನೊಂದರಲ್ಲಿ ಚುಕ್ಕೆ ಇಟ್ಟಿದ್ರು. ಎಲ್ಲಾ ಫೇಲ್.”

ಆದರೆ ಆ ಕ್ಷಣ ಮೇಷ್ಟ್ರಿಗೆ ಕೋಣೆಯೂ ನೆನಪಾಗಲಿಲ್ಲ, ತಪಾಸಣೆಯೂ ನೆನಪಾಗಲಿಲ್ಲ. ಕಂಡದ್ದು ಚಿನಕುರುಳಿ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯಲು ಕಾಯುತ್ತಿರುವುದು ಮಾತ್ರ. ಅದು ಹಸುವಿನ ಹಾಲಾಗಿದ್ದರೆ? ಮಗು ಸಂಜೆಯೊಳಗೆ ಹಾಸಿಗೆ ಹಿಡಿಯುತ್ತದೆ!

ಕಂಬದ ಮರೆಯಲ್ಲಿ ನಿಂತು ಅವರು ಅವಳತ್ತ ಬೇಡ ಎಂದು ಜೋರಾಗಿ ತಲೆ ಅಲ್ಲಾಡಿಸಿದರು. ಚಿನಕುರುಳಿ ನೋಡಿದಳು, ನಕ್ಕಳು, ಇದೇನೋ ಹೊಸ ಆಟ ಎಂದುಕೊಂಡು ತಾನೂ ಅಲ್ಲಾಡಿಸಿದಳು. ಪಕ್ಕದವಳು ಅವಳನ್ನು ನೋಡಿ ಅಲ್ಲಾಡಿಸಿದಳು. ನೋಡನೋಡುತ್ತ ಇಡೀ ಸಾಲು ಗಾಳಿಗೆ ಸಿಕ್ಕ ಜೋಳದ ಹೊಲದಂತೆ ತಲೆಯಾಡಿಸತೊಡಗಿತು.

“ಇದೇನ್ರಿ, ಮಕ್ಕಳಿಗೆ ಹಾಲು ಬೇಡ್ವಂತಾ?” ಎಂದರು ತಪಾಸಣೆಯ ಮೇಡಂ.

“ಇಲ್ಲ ಮೇಡಂ! ಅದು, ಅದು ವ್ಯಾಯಾಮ!” ಎಂದರು ಹೆಡ್‌ಮೇಡಂ. ಪೀಟಿ ಮೇಷ್ಟ್ರಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ತಲೆಬುಡ ಗೊತ್ತಿಲ್ಲದಿದ್ದರೂ ಪೀಟಿ ಮೇಷ್ಟ್ರು ‘ಒನ್, ಟೂ’ ಎಂದು ಎಣಿಸಿದರು.

“ಸರಿ, ಸಾಕು. ಕುಡೀರಿ ಮಕ್ಕಳೇ.”

ಲೋಟಗಳು ಮೇಲೆದ್ದವು. ಚಿನಕುರುಳಿಯ ಲೋಟ ತುಟಿಯವರೆಗೆ ಬಂತು.

“ನಿಲ್ಲೀ!” ಎಂದು ಮೇಷ್ಟ್ರು ಕೂಗಿದ ಕೂಗಿಗೆ ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು. ಅವರು ಒಂದೇ ನೆಗೆತಕ್ಕೆ ಎರಡು ಸಾಲು ದಾಟಿ, ಚಿನಕುರುಳಿಯ ಕೈಯಿಂದ ಲೋಟ ಕಿತ್ತುಕೊಂಡು, ಕಣ್ಣು ಮುಚ್ಚಿ, ಗಟಗಟನೆ ತಳ ಕಾಣುವವರೆಗೂ ಕುಡಿದುಬಿಟ್ಟರು.

ಅದು ಅಪ್ಪಟ ಹಸುವಿನ ಹಾಲು. ಕೆನೆ ಸಮೇತ ಗಂಟಲಿಳಿದು ಹೋಯಿತು. ಮೇಷ್ಟ್ರ ಹೊಟ್ಟೆಯಲ್ಲಿ ಮಂಚ ಒಂದು ಸಲ ಸರಿಯಿತು. ಆದರೂ ಮಗು ಉಳಿಯಿತಲ್ಲ ಎಂದು ಅವರಿಗೆ ಕಣ್ಣಲ್ಲಿ ನೀರು ಬಂತು.

“ಸರ್ ನನ್ನ ಹಾಲು ಕುಡಿದ್‌ಬಿಟ್ರು!” ಎಂದು ಚಿನಕುರುಳಿ ಸಿಡಿದಳು.

ತಪಾಸಣೆಯ ಮೇಡಂ ಎದ್ದು ನಿಂತರು. “ಮಗುವಿನ ಬಾಯಿಂದ ಹಾಲು ಕಿತ್ಕೊಂಡು ಕುಡಿಯೋ ಮೇಷ್ಟ್ರನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ. ಏನಿದು?”

ಹೆಡ್‌ಮೇಡಂ ಕುರ್ಚಿ ಹುಡುಕಿಕೊಂಡು ಕೂತರು. ಮೇಷ್ಟ್ರು ಬಾಯಿ ತೆರೆದರು, ಮಾತಿನ ಬದಲು ತೇಗು ಬಂತು. ಆಗ ಬಾಗಿಲ ಬಳಿಯಿಂದ ನಿಯಮಪ್ಪನ ದನಿ ಕೇಳಿಸಿತು. ಅವನಿಗೆ ಮೇಷ್ಟ್ರ ಮೇಲಿನ ಪ್ರೀತಿಯೇನಲ್ಲ. ನಿಯಮವೊಂದು ನೆನಪಾದರೆ ಅವನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೆ.

“ಮಕ್ಕಳು ಸೇವಿಸುವ ಮುನ್ನ ಉಸ್ತುವಾರಿ ಹೊತ್ತವರು ಸ್ವತಃ ರುಚಿ ನೋಡತಕ್ಕದ್ದು.”

“ರುಚಿ ನೋಡೋದು ಅಂದ್ರೆ ಕ್ಯಾನಿಂದ ನೋಡ್ಬೇಕು ಕಣ್ರೀ. ಮಗುವಿನ ಲೋಟದಿಂದ ಅಲ್ಲ.”

“ಯಾವುದರಿಂದ ಅಂತ ನಿಯಮದಲ್ಲಿ ಹೇಳಿಲ್ಲ ಮೇಡಂ.”

ತಪಾಸಣೆಯ ಮೇಡಂ ತಡವರಿಸಿದರು. ಜೀವಮಾನವೆಲ್ಲ ನಿಯಮ ತಿಂದು ನಿಯಮ ಉಟ್ಟವರು ಅವರು. “ಅದೂ ನಿಜವೇ,” ಎಂದು ಮೇಷ್ಟ್ರ ಕಡೆ ತಿರುಗಿದರು. “ಹಾಗಾದ್ರೆ ಒಂದು ಲೋಟದ್ದು ನೋಡಿದ್ರೆ ಹೇಗೆ ಸಾಕಾಗುತ್ತೆ? ಎಲ್ಲಾ ಲೋಟದ್ದೂ ನೋಡಿ. ನನ್ನ ಕಣ್ಣೆದುರಿಗೇ.”

ಮೇಷ್ಟ್ರಿಗೆ ಒಂದು ಕಡೆ ಸಿಡಿಲು ಬಡಿದಂತೆ, ಇನ್ನೊಂದು ಕಡೆ ದೀಪ ಹಚ್ಚಿದಂತೆ ಆಯಿತು. ಎಲ್ಲ ಲೋಟ! ಎಂದರೆ ಸೋಯಾ ಇರುವ ಲೋಟವೂ ಸಿಕ್ಕೇ ಸಿಗುತ್ತದೆ!

ಅಡುಗೆಯಕ್ಕ ಚಮಚದ ಡಬ್ಬಿ ತಂದಳು. ಲೋಟಕ್ಕೊಂದು ಹೊಸ ಚಮಚ. ಮೇಷ್ಟ್ರು ಸಾಲಿನ ತುದಿಯಿಂದ ಶುರು ಮಾಡಿದರು. ಚಮಚ ಅದ್ದು, ನಾಲಿಗೆಗೆ ಹಾಕು, ನುಂಗು. ಹಸು. ಚಮಚ ಅದ್ದು, ನುಂಗು. ಹಸು. ಉಗುಳುವಂತಿಲ್ಲ, ಎದುರಿಗೆ ಮೂಗಿನ ತುದಿಯ ಕನ್ನಡಕ. ಮೊದಲ ಸಾಲು ಮುಗಿಯುವಾಗ ಹೊಟ್ಟೆಯೊಳಗೆ ಮಂಚದ ಜೊತೆಗೆ ಬೀರುವನ್ನೂ ಎಳೆಯತೊಡಗಿದ್ದರು. ಎರಡನೇ ಸಾಲಿನ ನಡುವೆ ಮನೆಯನ್ನೇ ಸಾಗಿಸುವ ಸದ್ದು.

“ಸರ್, ಗುಡುಗುತ್ತಾ ಇದೆ,” ಎಂದಿತು ಒಂದು ಮಗು, ಕಿಟಕಿಯಾಚೆ ಮೋಡ ಹುಡುಕುತ್ತ.

ಕೊನೆಯ ಸಾಲು. ಕೊನೆಯ ಲೋಟ. ಹಸು! ಮೇಷ್ಟ್ರು ಬೆವರಿ ಮುದ್ದೆಯಾದರು. ಎಲ್ಲ ಲೋಟವೂ ಹಸುವಿನದಾದರೆ ಸೋಯಾ ಎಲ್ಲಿ ಹೋಯಿತು? ಸುತ್ತ ನೋಡಿದರು. ತಪಾಸಣೆಯ ಮೇಡಂ ತಮ್ಮ ಮುಂದಿನ ಲೋಟವನ್ನು ಕೈಗೆತ್ತಿಕೊಂಡು ತುಟಿಯ ಹತ್ತಿರ ತರುತ್ತಿದ್ದರು.

“ಮೇಡಂ! ನಿಮ್ಮದೂ!” ಮೇಷ್ಟ್ರು ಓಡಿಬಂದು ಚಮಚ ಚಾಚಿದರು. “ನಿಮ್ಮದೂ ರುಚಿ ನೋಡ್ಬೇಕು! ನಿಯಮ ಅಂದ್ರೆ ಎಲ್ಲರಿಗೂ ನಿಯಮ!”

ತಪಾಸಣೆಯ ಮೇಡಂ ಬೆರಗಾಗಿ ಲೋಟ ಮುಂದೆ ಮಾಡಿದರು. ಮೇಷ್ಟ್ರು ನಾಲಿಗೆಗೆ ಹಾಕಿಕೊಂಡರು. ಹುರುಳಿಲ್ಲದ, ಹಸಿ ಕಾಳಿನ ವಾಸನೆಯ, ಯಾರಿಗೂ ಇಷ್ಟವಾಗದ ಆ ಸಪ್ಪೆ ರುಚಿ! ಅಷ್ಟು ಸೊಗಸಾದ ರುಚಿಯನ್ನು ಅವರು ಜನ್ಮದಲ್ಲೇ ಕಂಡಿರಲಿಲ್ಲ. ಮರುಮಾತಿಲ್ಲದೆ ಲೋಟವನ್ನು ಮೇಡಂ ಕೈಯಿಂದ ತೆಗೆದು ಚಿನಕುರುಳಿಯ ಕೈಗಿಟ್ಟರು.

“ನನ್ನ ಲೋಟ ಯಾಕೆ ಅವಳಿಗೆ ಕೊಟ್ರಿ?”

“ಅವಳದ್ದು ನಾನು ಕುಡಿದೆನಲ್ಲ ಮೇಡಂ.”

ಚಿನಕುರುಳಿ ಲೋಟ ಎತ್ತಿ ಕುಡಿಯತೊಡಗಿದಳು. ಲೋಟದ ಅಡಿ ಎದುರಿದ್ದ ಕನ್ನಡಕಕ್ಕೆ ನೆಟ್ಟಗೆ ಕಂಡಿತು.

“ಏನದು? ಲೋಟದ ಅಡಿಯಲ್ಲಿ ಏನದು ಗುರುತು?” ತಪಾಸಣೆಯ ಮೇಡಂ ದನಿ ಏರಿತು. “ಎಲೆ! ಹಿಡಿದೆ ನೋಡಿ! ಇವಳೇ ಅಲ್ವಾ ಬದಲಿ ಹಾಲಿನ ಮಗು?”

ಹೆಡ್‌ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. ಮೇಷ್ಟ್ರು ಸಾಲುಗಳ ಕಡೆ ತಿರುಗಿ, “ಮಕ್ಕಳೇ, ಎಲ್ಲರೂ ಕುಡೀರಪ್ಪಾ,” ಎಂದರು.

ಎಲ್ಲ ಲೋಟಗಳೂ ಒಟ್ಟಿಗೆ ಮೇಲೆದ್ದವು. ಸಾಲಿಗೆ ಸಾಲೇ ಹಸಿರಾಯಿತು! ದಪ್ಪ ಎಲೆ, ಚೂಪು ಎಲೆ, ಹುಳ ಕಡಿದ ಎಲೆ, ಇಬ್ಬನಿ ಹೊತ್ತ ಎಲೆ. ಇಡೀ ಹಾಲ್‌ ಒಮ್ಮೆಗೇ ಚಿಗುರಿದಂತಿತ್ತು. ತಪಾಸಣೆಯ ಮೇಡಂ ಆ ತುದಿಯಿಂದ ಈ ತುದಿಯವರೆಗೂ ಬಾಗಿ ಬಾಗಿ ನೋಡಿದರು. ಎಲೆ ಇಲ್ಲದ ಲೋಟ ಒಂದೂ ಸಿಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು.

“ಸರ್‌ಪ್ರೈಸ್!” ಎಂದು ಮಕ್ಕಳೆಲ್ಲ ಬಿಳಿ ಮೀಸೆಯಲ್ಲಿ ಒಟ್ಟಿಗೇ ಕೂಗಿದರು.

“ಬದಲಿ ಹಾಲಿನ ಮಗು ಯಾರು ಅಂತ ನನಗೆ ಕಂಡುಹಿಡಿಯೋಕೆ ಆಗಲೇ ಇಲ್ಲ,” ಎಂದರು ತಪಾಸಣೆಯ ಮೇಡಂ. “ಎಲ್ಲರಿಗೂ ಒಂದೇ ಎಲೆ! ಎಂಥ ಯೋಚನೆ ಇದು!”

“ನಮ್ಮ ಶಾಲೆಯ ಯೋಜನೆ ಮೇಡಂ. ನಾನೇ ಸೂಚಿಸಿದ್ದೆ,” ಎಂದರು ಹೆಡ್‌ಮೇಡಂ, ಕುರ್ಚಿಯಿಂದ ಎದ್ದು.

ಮೇಷ್ಟ್ರಿಗೆ ಯಾರು ಏನು ಸೂಚಿಸಿದರೆ ಏನು? ಪಾಸು! ಕೋಣೆ ವಾಪಸ್! ಹೊಟ್ಟೆ ಹಿಡಿದುಕೊಂಡು ಅವರು ಶಾಲೆಯ ಹಿಂಭಾಗಕ್ಕೆ ಓಡಿದ ಓಟವನ್ನು ನೋಡಿ ಪೀಟಿ ಮೇಷ್ಟ್ರು ಮೆಚ್ಚಿ ತಲೆದೂಗಿದರು.

ಅಲ್ಲಿಂದ ಅವರು ಹೊರಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ತಪಾಸಣೆಯ ಮೇಡಂ ಹೊರಟುಹೋಗಿದ್ದರು. ಹೆಡ್‌ಮೇಡಂ ಬಾಯ್ತುಂಬ ನಗುತ್ತ ಎದುರಿಗೆ ಬಂದರು.

“ಎಲ್ಲಿ ಹೋಗಿದ್ರಿ ಸರ್? ಮೀಟಿಂಗ್ ಮುಗೀತು. ಆಡಿದ ಮಾತು ಉಳಿಸ್ಕೊಂಡಿದೀನಿ, ಬನ್ನಿ. ನಿಮ್ಮ ಕೋಣೆ ನಿಮಗೆ!”

ಮೀಟಿಂಗ್ ಎಂಬ ಮಾತು ಕೇಳಿ ಮೇಷ್ಟ್ರಿಗೆ ಸಣ್ಣಗೆ ಚಳಿಯಾಯಿತು. ಆದರೆ ಕೋಣೆಯ ಬಾಗಿಲು ತೆರೆದಾಗ ಅದೂ ಮರೆತುಹೋಯಿತು. ಫ್ರಿಜ್ಜು ಇಲ್ಲ. ಕ್ಯಾನುಗಳಿಲ್ಲ. ಕಿಟಕಿಯ ಬಳಿ ಅವರ ಹಳೆಯ ಮೇಜು, ಮೇಜಿನ ಮೇಲೆ ಬ್ರಷ್ಷು, ಹೊಸ ಪೇಂಟಿನ ಡಬ್ಬಿಗಳು. ಎಲ್ಲ ಹಸಿರು. ಹಸಿರೇ ಯಾಕೆ ಎಂದು ತಿರುಗಿದರೆ ಗೋಡೆಯುದ್ದಕ್ಕೂ ಸೂರಿನವರೆಗೆ ಮೂಟೆಗಳು. ಹೊರಗೆ ಟೆಂಪೋ ಒಂದು ಇನ್ನೂ ಮೂಟೆ ಇಳಿಸುತ್ತಿತ್ತು. ಇಳಿಸಿದಾಗಲೆಲ್ಲ ಒಳಗಿಂದ ಸ್ಟೀಲಿನ ಸದ್ದು.

“ಸುತ್ತಮುತ್ತಲಿನ ಎಲ್ಲಾ ಶಾಲೆಗಳ ಲೋಟ,” ಎಂದರು ಹೆಡ್‌ಮೇಡಂ ಹೆಮ್ಮೆಯಿಂದ. “ಎಲ್ಲದಕ್ಕೂ ಎಲೆ ಆಗ್ಬೇಕು ಅಂತ ಮೇಡಂ ಇಲ್ಲಿಂದಲೇ ಫೋನ್ ಮಾಡಿ ಆರ್ಡರ್ ಮಾಡಿದ್ರು. ಬರೆಯೋರು ಯಾರು ಅಂತ ಪ್ರಶ್ನೆ ಬಂತು. ನಾವೆಲ್ಲ ಕೈ ಎತ್ತಿದ್ವಿ. ನೀವೊಬ್ಬರು ಮೀಟಿಂಗಲ್ಲಿ ಇರ್ಲಿಲ್ಲ.”

ಮೇಷ್ಟ್ರು ಮೂಟೆಯ ಮೇಲೇ ಕೂತರು. “ಹಾಲಿನ ಉಸ್ತುವಾರಿ? ಅದಾದ್ರೂ ಹೋಯ್ತಲ್ಲ ಮೇಡಂ?”

“ಅದೆಲ್ಲಿ ಹೋಗುತ್ತೆ ಸರ್! ಲೋಟ ಲೋಟವನ್ನೂ ರುಚಿ ನೋಡೋ ಇಂಥ ಮೇಷ್ಟ್ರನ್ನ ನಾನು ಕಂಡೇ ಇಲ್ಲ ಅಂತ ಮೇಡಂ ಹೊಗಳಿದ್ದೇ ಹೊಗಳಿದ್ದು. ದಿನಾ, ಪ್ರತಿ ಲೋಟ, ಇವರೇ ನೋಡತಕ್ಕದ್ದು ಅಂತ ಹೇಳಿ ಹೋಗಿದಾರೆ.”

“ನನಗೆ ಹಾಲು ಆಗಲ್ಲ!” ಮೇಷ್ಟ್ರು ಕೂಗಿಯೇಬಿಟ್ಟರು. ಬಾಗಿಲ ಬಳಿ ಬಂದು ನಿಂತಿದ್ದ ಕ್ಲರ್ಕಿನ ಎರಡೂ ಕೈ ಹಿಡಿದುಕೊಂಡರು. “ನಿಯಮಪ್ಪ, ನೀನಾದ್ರೂ ಹೇಳಪ್ಪ! ಹಾಲು ಒಗ್ಗದೆ ಇರೋರಿಗೆ ಬದಲಿ ಇದೆ ಅಂತ ನೀನೇ ಹೇಳಿದ್ದೆಯಲ್ಲ!”

ನಿಯಮಪ್ಪ ಕಣ್ಣು ಮುಚ್ಚಿದ. ತುಟಿಗಳು ಸದ್ದಿಲ್ಲದೆ ಅಲುಗಾಡಿದವು. ಮೇಷ್ಟ್ರು ಉಸಿರು ಬಿಗಿಹಿಡಿದು ಆ ತುಟಿಗಳನ್ನೇ ನೋಡಿದರು.

“ಇದೆ ಸರ್,” ಎಂದ ಅವನು ಕಣ್ಣು ತೆರೆದು. “ಸದರಿ ಸೌಲಭ್ಯವು ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸತಕ್ಕದ್ದು.”

ಎಲ್ಲರೂ ಹೋದ ಮೇಲೆ ಮೇಷ್ಟ್ರು ಒಂದು ಲೋಟ ಬೋರಲು ಹಾಕಿ, ಬ್ರಷ್ಷನ್ನು ಹಸಿರಲ್ಲಿ ಅದ್ದಿದರು. ಚಿನಕುರುಳಿ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು, ತಾನೂ ಒಂದು ಬ್ರಷ್ಷು ಎತ್ತಿಕೊಂಡಳು. ತುಟಿಯ ಮೇಲೆ ಬೆಳಗಿನ ಬಿಳಿ ಮೀಸೆ ಇನ್ನೂ ಇತ್ತು. ಅದನ್ನು ನೋಡಿದಾಗ ಮೇಷ್ಟ್ರಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

“ಸರ್, ಹಾಲಿನ ರುಚಿ ನಿಮಗೆ ಅಷ್ಟು ಇಷ್ಟಾನಾ?” ಎಂದು ಕೇಳಿದಳು.

ಅಡುಗೆಯಕ್ಕ ಚಮಚದ ಡಬ್ಬಿಯನ್ನು ತೊಳೆದು ತಂದು, ನಾಳೆಗೆಂದು ಅವರ ಮೇಜಿನ ಮೇಲಿಟ್ಟು ಹೋದಳು.